ಅಗ್ಗದ ದರದ ವಿಮಾನಯಾನದಲ್ಲಿ ವೈಮಾನಿಕರ ವೃತ್ತಿಸ್ಥಿತಿ

೧

ಕಾರವಾರದಿಂದ ತೆಂಕಣಕ್ಕೆ ಅಂಕೋಲೆಯ ಹಾದಿಯನ್ನು ಹಿಡಿದವರಿಗೆ ಗುಡ್ಡವನ್ನು ಕಳೆದೊಡನೆ ದೊರೆಯುವ ಕಡಲತಡಿಯ ಊರು ಬಿಣಗಾ. ಒಂದು ಕಡೆಯಲ್ಲಿ ಕೊಲ್ಲಿ, ಮತ್ತೊಂದು ಕಡೆಯಲ್ಲಿ ಸಹ್ಯಾದ್ರಿಯ ಸೆರಗು. ಇವೆರಡರ ನಡುವಣ ಇಕ್ಕಟ್ಟಾದ ನೆಲದಲ್ಲಿ ಮೀನುಗಾರಿಕೆ, ಬೇಸಾಯ, ಕಾಸ್ಟಿಕ್ ಸೋಡಾ ಕಾರ್ಖಾನೆಯ ಕೆಲಸ ಇವುಗಳಿಂದ ಇಲ್ಲಿಯ ಜನರು ಜೀವಿಸುತ್ತ ಬಂದಿದ್ದಾರೆ. ನೆರೆಯ ಅರಗಾದ ನೌಕಾನೆಲೆಗೆ ೧೯೮೬ನೆಯ ಇಸವಿಯ ಅಕ್ಟೋಬರಿನಲ್ಲಿ ಅಡಿಗಲ್ಲನ್ನಿಡಲಾಯಿತು. ೨೦೦೫ರ ಮೇ ತಿಂಗಳಲ್ಲಿ ಅದು ಕದಂಬರ ಹೆಸರನ್ನು ಹೊತ್ತು ಕಾರ್ಯಾರಂಭಮಾಡಿತು. ಅದಕ್ಕಾಗಿ ಕಾರವಾರ ಅಂಕೋಲೆ ತಾಲ್ಲೂಕುಗಳ ಹಲವು ಗ್ರಾಮಗಳಿಂದ ಸಾವಿರಾರು ಕುಟುಂಬಗಳು ತಮ್ಮ ನೆಲೆಯನ್ನು ತೊರೆಯಬೇಕಾಯಿತು. ಸೀಬರ್ಡ್ ಎಂದು ಕರೆಯಲ್ಪಡುವ ಈ ಯೋಜನೆಯ ಎರಡನೆಯ ಹಂತದಲ್ಲಿ ಅಂಕೋಲೆ ತಾಲ್ಲೂಕಿನ ಅಲಗೇರಿಯ ಬಳಿ ನೌಕಾದಳದ ವಿಮಾನನಿಲ್ದಾಣವನ್ನೂ, ಅದಕ್ಕೆ ಹೊಂದಿದಂತೆ ನಾಗರಿಕ ವಿಮಾನಗಳಿಗೆ ಬೇರೊಂದು ಆವರಣವನ್ನೂ ಕಟ್ಟುವ ಏರ್ಪಾಡು ಸೇರಿದೆ. ಅಲಗೇರಿ, ಬೇಲೇಕೇರಿ, ಭಾವಿಕೇರಿ ಗ್ರಾಮಗಳ ಭೂಮಿಯನ್ನು ಇದಕ್ಕಾಗಿ ಗೊತ್ತುಮಾಡಲಾಯಿತು.

ವಿಮಾನನಿಲ್ದಾಣದ ಮಾತು ಹುಟ್ಟಿದಲ್ಲಿ ಉದ್ಯೋಗದ ಮಾತೂ ಒಡನೆಯೇ ಹುಟ್ಟುವುದು ಸಹಜ. ಆ ಉದ್ಯೋಗಗಳ ಪೈಕಿ ಜನರ ಕಣ್ಣಿಗೆ ಎಲ್ಲಕ್ಕಿಂತ ಮೇಲಾಗಿ ಕಾಣುವುದು ವಿಮಾನವನ್ನು ನಡೆಸುವವನ ಪದವಿ. ಇಂತಹ ಹೊಸ ನಿಲ್ದಾಣಗಳಿಗೆ ಬರತಕ್ಕ ವಿಮಾನಗಳಾದರೋ ಬಹುಮಟ್ಟಿಗೆ ಅಗ್ಗದ ದರದ ಸಂಸ್ಥೆಗಳವು. ಆದುದರಿಂದ ಅಂತಹ ಸಂಸ್ಥೆಗಳಲ್ಲಿ ವೈಮಾನಿಕನು ಯಾವ ಕಟ್ಟುಪಾಡುಗಳಿಗೆ ಒಳಪಟ್ಟು ದುಡಿಯುತ್ತಾನೆ, ಅವನ ಏಳಿಗೆಗೆ ಯಾವ ದಾರಿಯಿದೆ, ಪ್ರಯಾಣಿಕನು ಉಳಿಸಿದ ಹಣವನ್ನು ಕಟ್ಟಕಡೆಗೆ ತೆರುವವರು ಯಾರು ಎಂಬುದು ವಿಚಾರಯೋಗ್ಯವಾದ ವಿಷಯವಾಗಿದೆ. ಪಾಠಶಾಲೆಗಳಲ್ಲಿ ಹುಡುಗರ ಮುಂದಿನ ಹಾದಿಯ ಬಗೆಗೆ ಹೇಳಬೇಕಾಗಿ ಬರುವ ಅಧ್ಯಾಪಕರಿಗೆ ಇದು ದೂರದ ವಿಷಯವಲ್ಲ.

ಮೊದಲು ಹೆಸರುಗಳನ್ನು ನೋಡಬಹುದು. ಪೈಲಟ್ ಎಂಬ ಮಾತು ಇಂಗ್ಲಿಷಿನಲ್ಲಿ ಮೊದಲಿಗೆ ಹಡಗಿನ ಚುಕ್ಕಾಣಿಗನಿಗೆ, ವಿಶೇಷವಾಗಿ ಹೊರಗಿನಿಂದ ಬಂದ ಹಡಗನ್ನು ಬಂದರಿನೊಳಕ್ಕೆ ಕ್ಷೇಮವಾಗಿ ತಂದು ಸೇರಿಸುವವನಿಗೆ ಸಲ್ಲುತ್ತಿದ್ದ ಹೆಸರು. ವಿಮಾನಗಳು ಹುಟ್ಟಿದ ಮೇಲೆ ಅದು ಆಕಾಶಕ್ಕೆ ಏರಿತು. ಕ್ಯಾಪ್ಟನ್ ಎಂಬುದರ ಒಡಹುಟ್ಟಾದ ಕಪ್ತಾನ ಎಂಬ ರೂಪವು ಪೋರ್ತುಗೀಜರ ಸಂಪರ್ಕದಿಂದ ಕರಾವಳಿಯ ನುಡಿಗಳಿಗೆ ಬಂದು ಬಹುಕಾಲವಾಯಿತು. ಕಾರವಾರದ ಮಚವೆಗಳಲ್ಲಿಯೂ ಮೀನುದೋಣಿಗಳಲ್ಲಿಯೂ ಅದೇ ಅಧಿಕಾರವುಳ್ಳವನನ್ನು ತಾಂಡೇಲನೆಂದು ಕರೆಯುವರು. ಮುಂದಿನ ವಿವರಣೆಯಲ್ಲಿ ವಿಮಾನದ ಮುಖ್ಯಚಾಲಕನನ್ನು ಕಪ್ತಾನನೆಂದೂ, ಅವನ ಬಲಗಡೆಯಲ್ಲಿ ಕುಳಿತುಕೊಳ್ಳುವವನನ್ನು ಸಹಚಾಲಕನೆಂದೂ ಹೇಳಿದೆ. ಈ ಪದವಿಗಳಲ್ಲಿ ಸ್ತ್ರೀಯರೂ ಇದ್ದಾರೆ; ವೈಮಾನಿಕರಲ್ಲಿ ಸ್ತ್ರೀಯರ ಪ್ರಮಾಣವು ಜಗತ್ತಿನ ಬಹುತೇಕ ದೇಶಗಳಿಗಿಂತ ಭಾರತದಲ್ಲಿ ಹೆಚ್ಚಾಗಿದೆ.

೨

ಅಗ್ಗದ ದರದ ವಿಮಾನಯಾನವು ಭಾರತದಲ್ಲಿ ಬೇರೂರಿದ್ದು ಕನ್ನಡನಾಡಿನಿಂದಲೇ ಎಂಬುದು ಗಮನಿಸತಕ್ಕ ಸಂಗತಿ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರೆವಣಿಗೆಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಊರು. ಆ ಊರಿನಲ್ಲಿಯೇ ಬೆಳೆದು, ಸೈನ್ಯದಲ್ಲಿ ಕ್ಯಾಪ್ಟನ್ ಪದವಿಯಲ್ಲಿದ್ದು, ಬಳಿಕ ಬೇಸಾಯಕ್ಕೆ ಇಳಿದ ಜಿ. ಆರ್. ಗೋಪಿನಾಥರು ೨೦೦೩ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಸಂಸ್ಥೆಯನ್ನು ನಡೆಸತೊಡಗಿದರು. ಹುಬ್ಬಳ್ಳಿ ಮಂಗಳೂರುಗಳಂತಹ ಊರುಗಳಿಗೆ ಎ.ಟಿ.ಆರ್. ಎಂಬ ಸಣ್ಣ ವಿಮಾನಗಳು ಹಾರಿದುವು. ಕೆಲವು ಆಸನಗಳನ್ನು ಒಂದು ರೂಪಾಯಿಯ ದರಕ್ಕೂ ಮಾರಿದ್ದುಂಟು. ಮೇಲುವರ್ಗದವರ ಸೊತ್ತಾಗಿದ್ದ ವಿಮಾನಪ್ರಯಾಣವು ಹೀಗೆ ಸಾಮಾನ್ಯ ಗೃಹಸ್ಥನ ಕೈಗೆ ಎಟುಕಿತು. ಬಳಿಕ ೨೦೦೫ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಪೈಸ್‌ಜೆಟ್, ಗೋ ಏರ್ ಎಂಬುವೂ, ೨೦೦೬ರಲ್ಲಿ ಇಂಡಿಗೋ ಎಂಬುದೂ ಹುಟ್ಟಿದುವು.

ದರವು ಅಗ್ಗವಾಗುವ ಬಗೆಯು ಮೇಲುನೋಟಕ್ಕೆ ಸರಳವಾಗಿ ತೋರುತ್ತದೆ. ಒಂದೇ ಮಾದರಿಯ ವಿಮಾನಗಳನ್ನು ಇಟ್ಟುಕೊಂಡರೆ ದುರಸ್ತಿ, ಬಿಡಿಭಾಗ, ತರಬೇತಿ ಎಲ್ಲದರಲ್ಲಿಯೂ ಉಳಿತಾಯವಾಗುತ್ತದೆ. ಆಸನಗಳನ್ನು ಒತ್ತಾಗಿ ಜೋಡಿಸುವರು. ಊಟ ಉಪಹಾರಗಳಿಗೆ ಬೇರೆ ಹಣ ಕೇಳುವರು. ಇವೆಲ್ಲಕ್ಕಿಂತ ಮುಖ್ಯವಾದುದು ವಿಮಾನವನ್ನು ನೆಲದ ಮೇಲೆ ನಿಲ್ಲಗೊಡದಿರುವುದು. ಇಳಿದ ವಿಮಾನವು ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು. ನಸುಕಿನಿಂದ ನಡುರಾತ್ರಿಯವರೆಗೆ, ಕೆಲವೊಮ್ಮೆ ರಾತ್ರಿಯಿಡೀ, ಹಾರುತ್ತಲೇ ಇರಬೇಕು. ವಿಮಾನದ ಬಾಡಿಗೆಯು ಅದು ಹಾರಿದರೂ ನಿಂತರೂ ಒಂದೇ ಆದುದರಿಂದ ಹಾರಾಟ ಹೆಚ್ಚಿದಷ್ಟೂ ಒಂದೊಂದು ಆಸನದ ಮೇಲಣ ವೆಚ್ಚವು ಇಳಿಯುತ್ತದೆ.

ಸಂಸ್ಥೆಯ ವೆಚ್ಚಗಳಲ್ಲಿ ಇಂಧನದ ಬೆಲೆ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಇವು ಬಹುಮಟ್ಟಿಗೆ ಹೊರಗಿನವರು ಕಟ್ಟಿದ ಬೆಲೆಗಳು. ಸಂಸ್ಥೆಯವರು ತಾವೇ ಹಿಗ್ಗಿಸಿ ಕುಗ್ಗಿಸಬಲ್ಲುದು ಮುಖ್ಯವಾಗಿ ದುಡಿಯುವವರ ಹೊತ್ತನ್ನು. ವಿಮಾನಕ್ಕೆ ದಣಿವಿಲ್ಲ, ಅದನ್ನು ನಡೆಸುವವನಿಗೆ ಇದೆ. ಅಗ್ಗದ ದರದ ಲೆಕ್ಕವು ವೈಮಾನಿಕನ ಜೀವನವನ್ನು ತಾಗುವ ಸ್ಥಳ ಇದು. ಅವನಿಂದ ಕೇಳುವ ಬೆಲೆಯು ಸಾಲ, ಸ್ವಾತಂತ್ರ್ಯ, ವಿಶ್ರಾಂತಿ ಎಂಬ ಮೂರು ರೂಪಗಳಲ್ಲಿ ತೋರುತ್ತದೆ.

೩

ಮೊದಲನೆಯದು ಸಾಲ. ಭಾರತದಲ್ಲಿ ಸಂಬಳಕ್ಕಾಗಿ ವಿಮಾನ ನಡೆಸಲು ವಾಣಿಜ್ಯ ವಿಮಾನಚಾಲನೆಯ ಪರವಾನೆ ಬೇಕು. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು, ಪಿ.ಯು. ಮಟ್ಟದ ಭೌತಶಾಸ್ತ್ರ ಗಣಿತಗಳ ತಿಳಿವು ಇರಬೇಕು. ಮೊದಲ ದರ್ಜೆಯ ವೈದ್ಯಪರೀಕ್ಷೆಯಲ್ಲಿ ಗೆಲ್ಲಬೇಕು. ೨೦೦ ಗಂಟೆಗಳಷ್ಟು ಹಾರಾಟವನ್ನು ನಡೆಸಿರಬೇಕು. ಹವೆ, ದಿಕ್ಕು, ಯಂತ್ರ, ಕಾಯಿದೆ ಇವುಗಳ ಲಿಖಿತ ಪರೀಕ್ಷೆಗಳನ್ನು ಮುಗಿಸಬೇಕು. ಇಂಗ್ಲಿಷಿನಲ್ಲಿ ಮಾತನಾಡುವ ಸಾಮರ್ಥ್ಯಕ್ಕೂ ಬೇರೆಯ ಪರೀಕ್ಷೆಯಿದೆ. ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಗೆ ಇಲ್ಲಿ ಅಡ್ಡಬರುವುದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಸಕಾಲದಲ್ಲಿ ಗಮನಿಸಿದರೆ ಅದು ತುಂಬಿಬರುವಂತಹುದು.

ಬೆಂಗಳೂರಿನ ಜಕ್ಕೂರಿನಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಸರಕಾರದ ವಿಮಾನಚಾಲನಾ ಶಾಲೆ ಸ್ಥಾಪಿತವಾಯಿತು. ಮೈಸೂರು ಸೀಮೆಯ ಮೊದಮೊದಲಿನ ಎಷ್ಟೋ ವೈಮಾನಿಕರು ಅಲ್ಲಿ ರೆಕ್ಕೆ ಬಲಿತವರು. ಈಗಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಖಾಸಗಿ ಶಾಲೆಗಳಿಗೋ ಅಮೇರಿಕ, ದಕ್ಷಿಣ ಆಫ್ರಿಕ ಮುಂತಾದ ದೇಶಗಳಿಗೋ ಹೋಗುತ್ತಾರೆ. ಪರವಾನೆ ದೊರೆತ ಮಾತ್ರಕ್ಕೆ ಕೆಲಸ ದೊರೆಯುವುದಿಲ್ಲ. ಒಂದೊಂದು ಮಾದರಿಯ ದೊಡ್ಡ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯನ್ನು ಸಿಮ್ಯುಲೇಟರ್ ಯಂತ್ರದಲ್ಲಿ ಅಭ್ಯಾಸಮಾಡಿ ಪಡೆಯಬೇಕು. ಏರ್‌ಬಸ್ ೩೨೦ರ ಅರ್ಹತೆಯುಳ್ಳವನು ಬೋಯಿಂಗ್ ೭೩೭ನ್ನು ನಡೆಸುವಂತಿಲ್ಲ. ಹೊಸದಾಗಿ ಕಲಿತು ಹೊಸದಾಗಿ ಪರೀಕ್ಷೆ ಕೊಡಬೇಕು. ಪರವಾನೆಯೂ ಈ ಅರ್ಹತೆಯೂ ಸೇರಿ ವೆಚ್ಚವು ಅರ್ಧ ಕೋಟಿ ರೂಪಾಯಿಗಳನ್ನು ಮೀರುವುದು ಸಾಮಾನ್ಯ.

ಹಿಂದೆ ಸರಕಾರದ ವಿಮಾನಸಂಸ್ಥೆಯು ತಾನೇ ಕಲಿಸಿ ತನ್ನ ವೈಮಾನಿಕರನ್ನು ಸಿದ್ಧಪಡಿಸಿಕೊಳ್ಳುವ ರೂಢಿಯಿದ್ದಿತು. ಅಗ್ಗದ ದರದ ಪದ್ಧತಿಯಲ್ಲಿ ಈ ಭಾರದ ಹೆಚ್ಚಿನ ಪಾಲು ಕಲಿಯುವವನ ಮನೆಗೆ ಬಂದಿದೆ. ಸಂಸ್ಥೆಯೇ ವಿದ್ಯಾರ್ಥಿಗಳನ್ನು ಆರಿಸಿ ತಾನು ಒಪ್ಪಿದ ಶಾಲೆಗೆ ಕಳುಹಿಸುವ ಕೆಡೆಟ್ ಯೋಜನೆಗಳಲ್ಲಿಯೂ ಹಣ ತೆರುವವನು ವಿದ್ಯಾರ್ಥಿಯೇ. ತರಬೇತಿಯ ವೆಚ್ಚವನ್ನು ಸಂಸ್ಥೆಯು ವಹಿಸಿಕೊಂಡಲ್ಲಿ ಇಂತಿಷ್ಟು ವರ್ಷ ಬಿಟ್ಟುಹೋಗಕೂಡದು, ಹೋದರೆ ಇಂತಿಷ್ಟು ಹಣವನ್ನು ಕಟ್ಟಬೇಕು ಎಂಬ ಬಾಂಡನ್ನು ಬರೆಸಿಕೊಳ್ಳುವುದುಂಟು. ಹೊಲವನ್ನೋ ಮನೆಯನ್ನೋ ಅಡವಿಟ್ಟು ಸಾಲ ತಂದ ಕುಟುಂಬದ ಮಗನು ವಿಮಾನದ ಬಲಗಡೆಯ ಆಸನದಲ್ಲಿ ಕುಳಿತಾಗ ಆ ಸಾಲವೂ ಅವನೊಡನೆ ಕುಳಿತಿರುತ್ತದೆ. ಸಾಲವುಳ್ಳವನು ಮೇಲಿನವರ ಮಾತಿಗೆ ಎದುರಾಡುವುದಕ್ಕೆ ಎರಡು ಸಲ ಯೋಚಿಸುತ್ತಾನೆ. ಈ ಮಾತಿನ ಭಾರವು ಮುಂದೆ ಗೊತ್ತಾಗುವುದು.

೪

ಎರಡನೆಯದು ಸ್ವಾತಂತ್ರ್ಯ. ವೈಮಾನಿಕನ ಸಂಬಳವು ಇತರ ನೌಕರರ ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ, ಕಪ್ತಾನನಾದ ಮೇಲೆ ದೊಡ್ಡದೂ ಹೌದು. ಆದರೆ ಅದರ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯವಾಗಿ ತಿಂಗಳಿಗೆ ಇಷ್ಟು ಗಂಟೆಗಳ ಹಾರಾಟಕ್ಕೆ ಖಚಿತವಾದ ಮೊತ್ತವೊಂದಿರುತ್ತದೆ. ಅದನ್ನು ಮೀರಿದ ಗಂಟೆಗಳಿಗೆ, ರಾತ್ರಿಯ ಕೆಲಸಕ್ಕೆ, ಹೊರ ಊರಿನಲ್ಲಿ ತಂಗುವುದಕ್ಕೆ ಭತ್ಯಗಳು ಬೇರೆ. ಆದುದರಿಂದ ಹಾರಾಟ ಕುಗ್ಗಿದಾಗ ಆದಾಯವೂ ಕುಗ್ಗುತ್ತದೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ವಿಮಾನಗಳು ನೆಲಹಿಡಿದು ನಿಂತಾಗ ಸಂಬಳ ಕಡಿತವೂ ಸಂಬಳವಿಲ್ಲದ ರಜೆಯೂ ಬಹುತೇಕ ಸಂಸ್ಥೆಗಳಲ್ಲಿ ಬಂದುವು. ಇದಲ್ಲದೆ ಕಾಲಕಾಲಕ್ಕೆ ನಡೆಯುವ ವೈದ್ಯಪರೀಕ್ಷೆಯಲ್ಲಿ ಕಣ್ಣೋ ಹೃದಯವೋ ಸೋತರೆ ವೃತ್ತಿಯೇ ಅಲ್ಲಿಗೆ ನಿಲ್ಲುತ್ತದೆ.

ಕೆಲಸ ಬಿಡುವ ನಿಯಮವು ಇನ್ನೂ ವಿಶೇಷವಾದುದು. ಇತರ ವೃತ್ತಿಗಳಲ್ಲಿ ಒಂದೆರಡು ಅಥವಾ ಮೂರು ತಿಂಗಳ ನೋಟೀಸು ಸಾಕಾದರೆ, ವೈಮಾನಿಕರು ಆರು ತಿಂಗಳ ಮುಂಚೆ ತಿಳಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ೨೦೦೫ರಲ್ಲಿ ವಿಧಿಸಿತು. ೨೦೧೭ರಲ್ಲಿ ಕಪ್ತಾನರಿಗೆ ಈ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿತು. ವೈಮಾನಿಕರು ಏಕಾಏಕಿ ಬಿಟ್ಟುಹೋದರೆ ಹಾರಾಟಗಳು ರದ್ದಾಗಿ ಜನರಿಗೆ ತೊಂದರೆಯಾಗುತ್ತದೆಂಬುದು ಇದಕ್ಕೆ ಕೊಟ್ಟ ಕಾರಣ. ಕಾರಣವು ನಿರಾಧಾರವಾದುದೇನೂ ಅಲ್ಲ. ಒಬ್ಬ ಕಪ್ತಾನನನ್ನು ಸಿದ್ಧಪಡಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ.

ಆದರೆ ಕಟ್ಟು ಎರಡು ಕಡೆಗೂ ಸಮವಾಗಿದೆಯೇ ಎಂದು ನೋಡಿದರೆ ಉತ್ತರವು ಬೇರೆಯಾಗುತ್ತದೆ. ಏರ್ ಡೆಕ್ಕನ್ ಸಂಸ್ಥೆಯಲ್ಲಿ ೨೦೦೭ರಲ್ಲಿ ಕಿಂಗ್‌ಫಿಷರ್ ಸಮೂಹವು ಪಾಲು ಪಡೆಯಿತು. ಮರುವರ್ಷ ಎರಡೂ ಒಂದಾದುವು. ಡೆಕ್ಕನ್ ಎಂಬ ಹೆಸರು ಅಳಿಯಿತು. ಸಿಬ್ಬಂದಿಯವರಿಗೆ ಹಲವು ತಿಂಗಳುಗಳ ಸಂಬಳ ಬಾಕಿಯಿರುವಾಗಲೇ ೨೦೧೨ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ಹಾರಾಟ ನಿಂತಿತು. ಅಗ್ಗದ ದರದ್ದಲ್ಲದ ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲಿನಲ್ಲಿ ನಿಂತಿತು. ಗೋ ಏರ್ ಸಂಸ್ಥೆಯು ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡು ನಡೆಯುತ್ತಿದ್ದು ೨೦೨೩ರ ಮೇ ತಿಂಗಳಲ್ಲಿ ದಿವಾಳಿಯ ಅರ್ಜಿ ಹಾಕಿ ಹಾರಾಟವನ್ನು ನಿಲ್ಲಿಸಿತು. ಆ ಸಂಸ್ಥೆಗಳ ವೈಮಾನಿಕರಿಗೆ ಒಂದು ವರ್ಷದ ಮುನ್ಸೂಚನೆಯನ್ನು ಯಾರೂ ಕೊಡಲಿಲ್ಲ. ಬಿಡುವವನಿಗೆ ದೀರ್ಘವಾದ ಕಟ್ಟು, ಮುಚ್ಚುವವನಿಗೆ ಕಟ್ಟಿಲ್ಲ ಎಂಬ ಈ ಅಸಮತೆಯು ವೃತ್ತಿಯ ನಿಜವಾದ ದೌರ್ಬಲ್ಯ.

ಸಂಸ್ಥೆಯಿಂದ ಸಂಸ್ಥೆಗೆ ಹೋಗುವಾಗ ಜ್ಯೇಷ್ಠತೆಯು ಹಿಂಬಾಲಿಸುವುದಿಲ್ಲವೆಂಬುದು ಮತ್ತೊಂದು ಕಟ್ಟು. ಪಾಳಿ, ರಜೆ, ಬಡ್ತಿ ಇವುಗಳೆಲ್ಲವೂ ಸೇರಿದ ದಿನದ ಮೇಲೆ ನಿಂತಿರುವುದರಿಂದ ಹೊಸ ಸಂಸ್ಥೆಯಲ್ಲಿ ಪಟ್ಟಿಯ ಕೆಳಗಿನಿಂದಲೇ ಆರಂಭಿಸಬೇಕಾಗುತ್ತದೆ. ಯೂರೋಪಿನಲ್ಲಿಯಾದರೂ ಸ್ಥಿತಿ ಬಹಳ ಬೇರೆಯಲ್ಲ. ಅಲ್ಲಿಯ ಅಗ್ಗದ ದರದ ದೊಡ್ಡ ಸಂಸ್ಥೆಯಾದ ರಯನೇರ್ ಎಷ್ಟೋ ವೈಮಾನಿಕರನ್ನು ಮಧ್ಯವರ್ತಿ ಕಂಪೆನಿಗಳ ಮೂಲಕ ಗುತ್ತಿಗೆಯ ಮೇಲೆ ದುಡಿಸಿತ್ತು. ಮುಷ್ಕರದ ಬೆದರಿಕೆಯೊದಗಿ ೨೦೧೭ರ ಡಿಸೆಂಬರಿನಲ್ಲಿ ವೈಮಾನಿಕರ ಸಂಘಗಳನ್ನು ಮನ್ನಿಸಲು ಒಪ್ಪಿತು.

೫

ಮೂರನೆಯದೂ ಎಲ್ಲಕ್ಕಿಂತ ಗುರುತರವಾದುದೂ ವಿಶ್ರಾಂತಿ. ಇದರ ಬೆಲೆಯನ್ನು ಕನ್ನಡದ ಕರಾವಳಿಯೇ ಕಂಡಿದೆ. ೨೦೧೦ನೆಯ ಇಸವಿಯ ಮೇ ೨೨ರ ಮುಂಜಾನೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರು ಬಜ್ಪೆಯ ಗುಡ್ಡದ ಮೇಲಣ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿತು. ಅದರಲ್ಲಿದ್ದ ೧೬೬ ಜನರಲ್ಲಿ ೧೫೮ ಮಂದಿ ಮಡಿದರು. ಎಂಟು ಮಂದಿ ಮಾತ್ರ ಉಳಿದರು. ತನಿಖೆಯ ನ್ಯಾಯಮಂಡಲಿಯು ಧ್ವನಿಮುದ್ರಿಕೆಯನ್ನು ಕೇಳಿ ನಿರ್ಣಯಿಸಿದಂತೆ, ಕಪ್ತಾನನು ಹಾರಾಟದ ಬಹುಕಾಲ ನಿದ್ರಿಸಿದ್ದನು. ಇಳಿಯುವ ಹೊತ್ತಿಗೆ ಎಚ್ಚತ್ತರೂ ನಿದ್ರೆಯ ಜಡತೆಯು ಬುದ್ಧಿಯನ್ನು ಮಂಕುಗೊಳಿಸಿದ್ದಿತು. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿ ಬರುತ್ತಿದ್ದಿತು. ಇಳಿಸಬೇಡ, ಮತ್ತೆ ಮೇಲೇರು ಎಂಬ ಅರ್ಥದ ಎಚ್ಚರಿಕೆಯನ್ನು ಸಹಚಾಲಕನು ಮೂರು ಸಲ ನುಡಿದನು. ಕಪ್ತಾನನು ಇಳಿಸಿಯೇ ಇಳಿಸಿದನು.

ಈ ದುರಂತಕ್ಕೆ ಅಗ್ಗದ ದರವೇ ಕಾರಣವೆಂದು ನ್ಯಾಯಮಂಡಲಿಯು ಹೇಳಲಿಲ್ಲ. ಹಾಗೆ ಹೇಳುವುದು ತರವೂ ಅಲ್ಲ. ಆದರೆ ಎರಡು ವಿಷಯಗಳು ಅದರಿಂದ ಸ್ಪಷ್ಟವಾಗುತ್ತವೆ. ಒಂದು, ಮನುಷ್ಯನ ದೇಹವು ನಸುಕಿಗೆ ಮುನ್ನಿನ ಹೊತ್ತಿನಲ್ಲಿ ನಿದ್ರೆಯನ್ನು ಬೇಡಿಯೇ ಬೇಡುತ್ತದೆ. ಪಾಳಿಪಟ್ಟಿಯು ಅದನ್ನು ಅಳಿಸಲಾರದು. ಇನ್ನೊಂದು, ಸರಿಯಾದ ಮಾತು ತಿಳಿದಿದ್ದರೆ ಸಾಲದು. ಕೆಳಗಿನ ಪದವಿಯಲ್ಲಿರುವವನ ಮಾತಿಗೆ ನಡೆಯುವ ಬಲವೂ ಇರಬೇಕು. ಆಸನದ ಅಧಿಕಾರವು ಯಾರದಾದರೂ ಆಗಲಿ, ಅಪಾಯದ ಗಳಿಗೆಯಲ್ಲಿ ಸಹಚಾಲಕನು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುವಷ್ಟು ನಿರ್ಭಯನಾಗಿರಬೇಕೆಂಬುದು ವಿಮಾನಯಾನದ ತತ್ತ್ವ. ಸಾಲದ, ಬಾಂಡಿನ, ಬಡ್ತಿಯ ಚಿಂತೆಗಳು ಯುವಕನೊಬ್ಬನ ಆ ನಿರ್ಭಯತೆಯನ್ನು ಬೆಳೆಸುವುವೋ ಕುಗ್ಗಿಸುವುವೋ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ರಾಂತಿಯ ನಿಯಮಗಳು ಇದಾದ ಮೇಲೆ ಹಂತಹಂತವಾಗಿ ಬಿಗಿಯಾದುವು. ವರ್ಷಕ್ಕೆ ಸಾವಿರ ಗಂಟೆಗಳ ಹಾರಾಟವೇ ಮಿತಿ. ೨೦೨೪ರ ಜನವರಿಯಲ್ಲಿ ಪ್ರಕಟವಾದ ನಿಯಮಗಳು ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿಸಿದುವು. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಎಂದಿದ್ದ ರಾತ್ರಿಯ ಅರ್ಥವನ್ನು ಆರರವರೆಗೆ ಹಿಗ್ಗಿಸಿದುವು. ರಾತ್ರಿಯ ಪಾಳಿಯಲ್ಲಿ ಆರು ಸಲ ಇಳಿಸಬಹುದಾಗಿದ್ದುದನ್ನು ಎರಡಕ್ಕೆ ತಗ್ಗಿಸಿದುವು. ಸಂಸ್ಥೆಗಳು ಅಡ್ಡಿ ಹೇಳಿದ್ದರಿಂದ ಜಾರಿಯು ಮುಂದಕ್ಕೆ ಹೋಯಿತು. ವೈಮಾನಿಕರ ಸಂಘಗಳು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಹೋರಾಡಿದ ಬಳಿಕ ೨೦೨೫ರ ಜುಲೈ ೧ರಿಂದ ಕೆಲವೂ, ನವೆಂಬರ್ ೧ರಿಂದ ಉಳಿದುವೂ ಜಾರಿಗೆ ಬಂದುವು.

ಅನಂತರ ನಡೆದುದು ಅಗ್ಗದ ದರದ ಲೆಕ್ಕವನ್ನು ಬಯಲಿಗೆ ತಂದಿತು. ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ ಹೊಸ ನಿಯಮಕ್ಕೆ ಬೇಕಾದಷ್ಟು ವೈಮಾನಿಕರನ್ನು ಹೊಂದಿಸಿಕೊಂಡಿರಲಿಲ್ಲ. ೨೦೨೫ರ ಡಿಸೆಂಬರಿನ ಮೊದಲ ವಾರದಲ್ಲಿ ಅದರ ಹಾರಾಟಗಳು ನೂರುಗಟ್ಟಲೆಯಾಗಿ ರದ್ದಾದುವು. ಐದನೆಯ ತಾರೀಖು ಒಂದೇ ದಿನ ಸಾವಿರವನ್ನು ಮೀರಿದುವು. ನಿಲ್ದಾಣಗಳಲ್ಲಿ ಜನರು ರಾತ್ರಿಗಳನ್ನು ಕಳೆದರು. ರಾತ್ರಿಯ ಕೆಲಸಕ್ಕೆ ಸಂಬಂಧಿಸಿದ ಕೆಲವು ನಿಬಂಧನೆಗಳಿಂದ ಆ ಸಂಸ್ಥೆಗೆ ೨೦೨೬ರ ಫೆಬ್ರವರಿ ೧೦ರವರೆಗೆ ವಿನಾಯಿತಿಯನ್ನು ಕೊಡಬೇಕಾಗಿ ಬಂದಿತು. ವಾರಕ್ಕೆ ಹನ್ನೆರಡು ಗಂಟೆಗಳಷ್ಟು ಹೆಚ್ಚಿನ ವಿಶ್ರಾಂತಿಯೂ ರಾತ್ರಿಯ ದುಡಿಮೆಗೊಂದು ಕಡಿವಾಣವೂ ಸೇರಿದೊಡನೆ ಅಷ್ಟು ದೊಡ್ಡ ವ್ಯವಸ್ಥೆಯು ತತ್ತರಿಸಿತೆಂದರೆ, ಅಲ್ಲಿಯವರೆಗೆ ಅದು ಯಾವುದರ ಮೇಲೆ ನಿಂತಿದ್ದಿತೆಂಬುದು ತಾನಾಗಿಯೇ ವಿದಿತವಾಗುತ್ತದೆ.

೬

ಇಷ್ಟನ್ನು ಹೇಳಿದುದರಿಂದ ವೃತ್ತಿಯು ನಿರಾಶಾಜನಕವೆಂದು ತಿಳಿಯಬಾರದು. ಬೆಳೆಯುತ್ತಿರುವ ಸಂಸ್ಥೆಯಲ್ಲಿ ಏಳಿಗೆಯು ಶೀಘ್ರವಾದುದು. ಸಹಚಾಲಕನಾಗಿ ಸೇರಿದವನು ೧೫೦೦ ಗಂಟೆಗಳ ಹಾರಾಟವನ್ನು ಮುಗಿಸಿ, ಮೇಲ್ದರ್ಜೆಯ ಪರವಾನೆಯನ್ನೂ ಸಂಸ್ಥೆಯ ಪರೀಕ್ಷೆಗಳನ್ನೂ ದಾಟಿದರೆ ಕಪ್ತಾನನಾಗಬಹುದು; ಮುಂದೆ ಶಿಕ್ಷಕನೂ ಪರೀಕ್ಷಕನೂ ಆಗಬಹುದು. ಅರುವತ್ತೈದು ವರ್ಷಗಳವರೆಗೆ ಸೇವೆಗೆ ಅವಕಾಶವಿದೆ. ೨೦೨೩ರಲ್ಲಿ ಏರ್ ಇಂಡಿಯಾ ೪೭೦ ವಿಮಾನಗಳಿಗೂ ಇಂಡಿಗೋ ೫೦೦ ವಿಮಾನಗಳಿಗೂ ಬೇಡಿಕೆಯಿಟ್ಟುವು. ಕಪ್ತಾನರಿಗೆ ಆದುದರಿಂದ ಬೆಲೆಯಿದೆ. ಆದರೆ ಹೊಸದಾಗಿ ಪರವಾನೆ ಪಡೆದವನ ಸ್ಥಿತಿ ಬೇರೆ. ಅನುಭವಿಗಳ ಅಭಾವವೂ ಅನನುಭವಿಗಳ ನಿರುದ್ಯೋಗವೂ ಒಂದೇ ಕಾಲದಲ್ಲಿ ಇರುವುದು ಈ ವೃತ್ತಿಯ ಒಂದು ಲಕ್ಷಣ. ಇನ್ನೂರು ಗಂಟೆಗಳ ಪರವಾನೆಗೂ ಮೊದಲ ಕೆಲಸಕ್ಕೂ ನಡುವೆ ವರ್ಷಗಳು ಕಳೆದವರುಂಟು, ಆ ವರ್ಷಗಳಲ್ಲಿಯೂ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಸಣ್ಣ ಊರುಗಳ ನಿಲ್ದಾಣಗಳು ಬೇರೆಯ ಒಂದು ಬಾಗಿಲನ್ನು ತೆರೆದಿವೆ. ಕಲಬುರಗಿಯಲ್ಲಿ ೨೦೧೯ರಲ್ಲಿಯೂ ಶಿವಮೊಗ್ಗೆಯಲ್ಲಿ ೨೦೨೩ರಲ್ಲಿಯೂ ನಿಲ್ದಾಣಗಳು ತೆರೆದುವು. ಇಂತಹ ಕಡೆಗಳಿಗೆ ಹಾರುವ ಚಿಕ್ಕ ವಿಮಾನಗಳಲ್ಲಿ ಹೊಸಬನಿಗೆ ಅನುಭವವು ಬೇಗ ದೊರೆಯುತ್ತದೆ. ಆದರೆ ಹಾದಿ ಚಿಕ್ಕದಾದಷ್ಟೂ ದಿನಕ್ಕೆ ಏರಿಳಿತಗಳು ಹೆಚ್ಚು. ದಣಿವು ಹುಟ್ಟುವುದು ಮೇಲೆ ತೇಲುವಾಗಲ್ಲ, ಏರುವಾಗಲೂ ಇಳಿಯುವಾಗಲೂ. ಅಲಗೇರಿಯ ಓಡುದಾರಿಗೆ ಮುಂದೆ ನಾಗರಿಕ ವಿಮಾನಗಳು ಬಂದಲ್ಲಿ, ಒಂದು ಕಡೆ ಘಟ್ಟವೂ ಒಂದು ಕಡೆ ಕಡಲೂ ಇದ್ದು ಮುಂಗಾರಿನ ಮಳೆಗಾಳಿ ಬಡಿಯುವ ಆ ಸ್ಥಳದಲ್ಲಿ ಇಳಿಸುವವನಿಗೆ ಎಚ್ಚರವಾದ ಕಣ್ಣೇ ಮೊದಲ ಬಂಡವಾಳವಾಗುವುದು.

ಹೀಗಿರಲಾಗಿ, ಬಿಣಗಾದಂತಹ ಊರಿನಿಂದ ಈ ವೃತ್ತಿಗೆ ಹೊರಡುವ ಹುಡುಗನೂ ಹುಡುಗಿಯೂ, ಅವರಿಗೆ ಹಿತ ಹೇಳುವ ಅಧ್ಯಾಪಕರೂ, ಸಮವಸ್ತ್ರದ ಪಟ್ಟಿಗಳನ್ನು ಎಣಿಸುವುದಕ್ಕೆ ಮೊದಲು ಕರಾರುಪತ್ರವನ್ನು ಓದಬೇಕಾದುದು ಅವಶ್ಯ. ತರಬೇತಿಯ ವೆಚ್ಚ ಯಾರ ಮೇಲಿದೆ? ಬಾಂಡು ಎಷ್ಟು ವರ್ಷಗಳದು? ಹಾರಾಟವಿಲ್ಲದ ತಿಂಗಳಿನಲ್ಲಿ ಕೈಗೆ ಬರುವುದೆಷ್ಟು? ದಣಿದಿದ್ದೇನೆ, ಇಂದು ಹಾರಲಾರೆ ಎಂದು ಬರೆದುಕೊಟ್ಟವನಿಗೆ ಆ ಸಂಸ್ಥೆಯಲ್ಲಿ ಏನಾಗುತ್ತದೆ? ಈ ನಾಲ್ಕರಲ್ಲಿ ಕೊನೆಯದಕ್ಕೆ ಉತ್ತರವು ಕಾಗದದಲ್ಲಿ ಸಿಕ್ಕದು. ಅಲ್ಲಿ ದುಡಿಯುವವರನ್ನು ಕೇಳಿಯೇ ತಿಳಿಯಬೇಕು.

ಮೀನುದೋಣಿಯಲ್ಲಿ ಗಳಿಕೆಯನ್ನು ಪಾಲು ಹಾಕಿಕೊಳ್ಳುವುದು ಈ ಕರಾವಳಿಯ ರೂಢಿ. ಬಲೆ ಬರಿದಾಗಿ ಬಂದ ದಿನದ ನಷ್ಟವು ಒಬ್ಬನ ಮೇಲೆಯೇ ಬೀಳುವುದಿಲ್ಲ. ಗಾಳಿಯ ಬಣ್ಣ ಕೆಟ್ಟಿತೆಂದು ಕಂಡರೆ ದೋಣಿಯನ್ನು ತಿರುಗಿಸುವುದು ತಾಂಡೇಲನ ಮಾತಿಗೆ ಬಿಟ್ಟುದು. ವಿಮಾನದ ಕಪ್ತಾನನಿಗೂ ಕಾಯಿದೆಯು ಇದೇ ಅಧಿಕಾರವನ್ನು ಕೊಟ್ಟಿದೆ. ಅಧಿಕಾರವನ್ನು ಕಾಯಿದೆಯು ಕೊಡಬಲ್ಲುದು. ಅದನ್ನು ಬಳಸುವ ಧೈರ್ಯವನ್ನು ಕೊಡಬೇಕಾದುದು ಉದ್ಯೋಗದ ಕಟ್ಟುಪಾಡುಗಳು. ಸಾಲದ ಭಾರ ಹಗುರವಾಗಿ, ಬಿಡುವ ಕಟ್ಟು ಎರಡು ಕಡೆಗೂ ಸಮವಾಗಿ, ನಿದ್ರೆಯ ಗಂಟೆಗಳು ಲಾಭದ ಲೆಕ್ಕದಿಂದ ಹೊರಗಿದ್ದರೆ ಮಾತ್ರ ಆ ಧೈರ್ಯವು ನಿಲ್ಲುವುದು. ಅದಕ್ಕಾಗಿ ಚೀಟಿಯ ದರವು ಕೆಲವು ನೂರು ರೂಪಾಯಿಗಳಷ್ಟು ಏರಿದರೂ ಪ್ರಯಾಣಿಕನು ತೆತ್ತುದು ಹೆಚ್ಚಾಗಲಿಲ್ಲ. ತನ್ನ ಪ್ರಾಣರಕ್ಷಣೆಯ ಬೆಲೆಯಲ್ಲಿ ತನ್ನ ಪಾಲನ್ನು ತಾನು ತೆತ್ತಂತಾಯಿತು.